ಅಜ್ಜಿ ಹಣ್ಣಿಗೆ ಹೋದ ದಿನ: ಲೈನ್ ಮನೆ, ಶಾಲೆ ಮತ್ತು ಕಾಫಿ ಕುಯ್ಲಿನ ಒಂದು ಪ್ರಕರಣ

ಮಗು ಶಾಲೆಗೆ ಬರುವುದನ್ನು ನಿಲ್ಲಿಸಿದಾಗ ವರದಿಯಲ್ಲಿ ‘ಕಾರಣ’ ಎಂಬ ಕಲಂ ತುಂಬಬೇಕಾಗುತ್ತದೆ. ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಕಾರರಿಗಾಗಿ ಸಾಲಾಗಿ ಕಟ್ಟಿದ ಲೈನ್ ಮನೆಗಳ ಮಕ್ಕಳ ವಿಷಯದಲ್ಲಿ ಅಲ್ಲಿ ಬರೆಯುವ ಉತ್ತರ ಸಾಮಾನ್ಯವಾಗಿ ಮೊದಲೇ ಸಿದ್ಧವಿರುತ್ತದೆ: ಪೋಷಕರ ನಿರಾಸಕ್ತಿ. ಇಲ್ಲಿ ಹೇಳಹೊರಟಿರುವ ಹುಡುಗಿಯ ಮುಂದೆಯೂ ಮೊದಲ ವರ್ಷ ಅದನ್ನೇ ಬರೆಯಲಾಗಿತ್ತು. ಆ ಉತ್ತರ ಸರಿಯಲ್ಲ ಎಂದು ಗೊತ್ತಾಗುವ ಹೊತ್ತಿಗೆ ಮತ್ತೊಂದು ಕುಯ್ಲು ಮುಗಿದಿತ್ತು. ಗೊತ್ತಾದದ್ದು ಹೇಗೆ, ಆಮೇಲೆ ಏನು ಮಾಡಲಾಯಿತು, ಅದರಲ್ಲಿ ಎಷ್ಟು ನಿಂತಿತು ಎಂಬುದೇ ಈ ಬರಹ.

ಕುಟುಂಬ, ಶಿಕ್ಷಣ, ಆರ್ಥಿಕ ವ್ಯವಸ್ಥೆ, ಧರ್ಮ, ರಾಜ್ಯ ಎಂದು ಸಾಮಾಜಿಕ ಸಂಸ್ಥೆಗಳನ್ನು ನಾವು ತರಗತಿಯಲ್ಲಿ ಒಂದೊಂದಾಗಿ ಪಾಠ ಮಾಡುತ್ತೇವೆ. ಬದುಕಿನಲ್ಲಿ ಅವು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಹೀಗೆ ತಾಗುವ ಜಾಗದಲ್ಲೇ ಈ ಹುಡುಗಿ ನಿಂತಿದ್ದಳು. ಗುರುತು ಸಿಗಬಾರದೆಂದು ಊರಿನ, ಶಾಲೆಯ, ಮನೆತನದ ಹೆಸರುಗಳನ್ನು ಬಿಟ್ಟಿದ್ದೇನೆ, ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಘಟನೆಗಳ ಕ್ರಮ ನಡೆದಂತೆಯೇ ಇದೆ.

ಹಿನ್ನೆಲೆ

ದಕ್ಷಿಣ ಕೊಡಗಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳಿಂದ ಬರುವವರು. ಸ್ವಂತ ಜಮೀನಿರುವ ಮನೆಯವರು ತಮ್ಮ ಮಕ್ಕಳನ್ನು ಎಂದೋ ವ್ಯಾನಿನಲ್ಲಿ ಪಟ್ಟಣದ ಖಾಸಗಿ ಶಾಲೆಗಳಿಗೆ ಕಳಿಸತೊಡಗಿದ್ದಾರೆ. ಹುಡುಗಿ ಯರವ ಸಮುದಾಯದವಳು. ಮನೆಯಲ್ಲಿ ಯರವರ ರಾವುಲ ಮಾತು, ತೋಟದ ಸಾವ್ಕಾರರ ಅಂಗಳದಲ್ಲಿ ಕೊಡವ ತಕ್ಕ್ (ಕೊಡವ ಭಾಷೆ), ಅಂಗಡಿಯಲ್ಲಿ ಅಷ್ಟಿಷ್ಟು ಮಲಯಾಳ, ಶಾಲೆಯಲ್ಲಿ ಕನ್ನಡ. ಇಷ್ಟು ಭಾಷೆಗಳ ನಡುವೆ ದಾರಿ ಮಾಡಿಕೊಳ್ಳುವ ಮಗುವನ್ನು ‘ಭಾಷೆಯಲ್ಲಿ ಹಿಂದುಳಿದವಳು’ ಎಂದು ಗುರುತಿಸಿದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

ತಂದೆ, ತಾಯಿ, ತಂದೆಯ ತಾಯಿ, ಈ ಹುಡುಗಿ, ಕೆಳಗಿನ ತರಗತಿಯಲ್ಲಿ ಓದುವ ತಮ್ಮ, ಒಂದು ಎಳೆಗೂಸು. ಇಷ್ಟು ಜನ ಒಂದು ಕೋಣೆ, ಒಂದು ಅಡುಗೆಯ ಮೂಲೆಯಿರುವ ಲೈನ್ ಮನೆಯಲ್ಲಿದ್ದರು. ತೋಟ ಸುಮಾರು 12 ಎಕರೆಯದು, ಹೆಚ್ಚಿನದು ರೋಬಸ್ಟಾ ಕಾಫಿ, ಒಂದು ಬದಿಯಲ್ಲಿ ಸ್ವಲ್ಪ ಅರೇಬಿಕಾ ಕಾಫಿ, ಮರಗಳಿಗೆ ಹಬ್ಬಿದ ಕರಿಮೆಣಸು. ಈ ‘12 ಎಕರೆ’ಯನ್ನು ಓದುಗರು ನೆನಪಿನಲ್ಲಿಡಬೇಕು. ಆಗ ಜಾರಿಯಲ್ಲಿದ್ದ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಅನ್ವಯವಾಗುತ್ತಿದ್ದದ್ದು 5 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡದಾದ, 15 ಅಥವಾ ಹೆಚ್ಚು ಕೆಲಸಗಾರರಿರುವ ತೋಟಗಳಿಗೆ. ಕೂಲಿಕಾರರ ಶಿಶುಗಳಿಗೆ ಪಾಲನಾಗೃಹ, ಮಕ್ಕಳಿಗೆ ಶಾಲೆಯ ಅನುಕೂಲ, ವಸತಿ, ಆಸ್ಪತ್ರೆ ಎಲ್ಲವೂ ಆ ಕಾಯ್ದೆಯಲ್ಲಿದ್ದವು. 12 ಎಕರೆ ಎಂದರೆ 5 ಹೆಕ್ಟೇರಿಗೆ ತುಸು ಕಡಿಮೆ. ಕೊಡಗಿನ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವೇ. ಹಾಗಾಗಿ ಕಾನೂನಿನ ಪುಸ್ತಕದಲ್ಲಿದ್ದ ಪಾಲನಾಗೃಹ ಈ ತಾಯಿಯ ಪಾಲಿಗೆ ಇರಲೇ ಇಲ್ಲ.

ಲೈನ್ ಮನೆಯ ಬಗ್ಗೆಯೂ ಒಂದು ಮಾತು. ಅಲ್ಲಿ ವಾಸ ಮತ್ತು ಕೆಲಸ ಒಂದೇ ಗಂಟು. ಕೆಲಸ ಬಿಟ್ಟರೆ ಮನೆ ಬಿಡಬೇಕು. ಯರವರು ಭೂಮಾಲೀಕ ಮನೆತನಗಳಿಗೆ ಜೀತದಲ್ಲಿ ಅಂಟಿಕೊಂಡಿದ್ದ ಕಾಲ 1976ರ ಜೀತ ನಿರ್ಮೂಲನಾ ಕಾಯ್ದೆಯೊಂದಿಗೆ ಕಾಗದದ ಮೇಲೆ ಮುಗಿಯಿತು. ಆದರೆ ಮುಂಗಡ ಸಾಲ ಮತ್ತು ತಲೆಯ ಮೇಲಿನ ಸೂರು ಸೇರಿ ಹಳೆಯ ಸಂಬಂಧದ ನೆರಳನ್ನು ಉಳಿಸಿಕೊಂಡಿವೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ತೆರವು ಮಾಡಿದಾಗ ಇಡೀ ರಾಜ್ಯ ಕೇಳಿಸಿಕೊಂಡದ್ದು ಇದೇ ಪ್ರಶ್ನೆಯನ್ನು: ಲೈನ್ ಮನೆಯಿಂದ ಹೊರಬಂದವರು ಎಲ್ಲಿಗೆ ಹೋಗಬೇಕು?

ಸಮಸ್ಯೆ ಕಾಣಿಸಿದ್ದು

ಹುಡುಗಿ ಐದನೇ ತರಗತಿಯಲ್ಲಿದ್ದಾಗ ಜನವರಿಯಿಂದ ಮಾರ್ಚಿನವರೆಗೆ ಬಂದದ್ದು ಬಹಳ ಕಡಿಮೆ. ಮುಂದಿನ ವರ್ಷ ಆ ಶಾಲೆಗೆ ಹೊಸ ಮುಖ್ಯ ಶಿಕ್ಷಕಿ ವರ್ಗವಾಗಿ ಬಂದರು. ಪದವಿಯಲ್ಲಿ ನನ್ನ ಬಳಿ ಸಮಾಜಶಾಸ್ತ್ರ ಓದಿದವರು. ಜೂನ್‌ನಿಂದ ಡಿಸೆಂಬರ್‌ವರೆಗೆ, ಮಳೆಗೆ ರಜೆ ಕೊಟ್ಟ ದಿನಗಳನ್ನು ಬಿಟ್ಟರೆ, ಹುಡುಗಿ ತಪ್ಪದೆ ಬಂದಳು. ಲೆಕ್ಕದಲ್ಲಿ ಚುರುಕು. ಹೊಸ ವರ್ಷ ಬಂದದ್ದೇ ಮತ್ತೆ ಕಾಣೆ. ಸತತವಾಗಿ ಕಾಣೆಯೂ ಅಲ್ಲ, ನಡುವೆ ಒಂದು ದಿನ ಬಂದು ಬಿಸಿಯೂಟ ಮುಗಿಸಿ ಹೋಗುತ್ತಿದ್ದಳು. ಸತತ ಗೈರನ್ನು ವ್ಯವಸ್ಥೆ ಗುರುತಿಸುತ್ತದೆ. ಹೀಗೆ ಚೂರುಚೂರಾಗಿ ಉದುರಿಹೋಗುವ ಮಗು ಅದರ ಕಣ್ಣಿಗೆ ಬೀಳುವುದಿಲ್ಲ.

ಯಾಕೆ ಹೀಗೆ ಎಂದು ಕೇಳಿದಾಗ ಮೂರು ಉತ್ತರ ಬಂದವು. ಸಹಶಿಕ್ಷಕರು, “ಇವರಿಗೆ ಓದಿನ ಬೆಲೆ ಗೊತ್ತಿಲ್ಲ ಮೇಡಂ, ಸೀಸನ್ ಬಂತು ಅಂದ್ರೆ ಇಷ್ಟೇ” ಎಂದರು. ತೋಟದ ಮಾಲೀಕರು, “ನಾನು ಯಾವ ಮಗುವಿನ ಕೈಲೂ ಕೆಲಸ ಮಾಡಿಸಿಲ್ಲ, ಬೇಕಿದ್ರೆ ಚೆಕ್‌ರೋಲ್ ನೋಡಿ” ಎಂದರು. ಚೆಕ್‌ರೋಲ್ ಎಂದರೆ ಕೂಲಿಕಾರರ ಹಾಜರಿ ಮತ್ತು ಕೂಲಿ ಬರೆಯುವ ತೋಟದ ಪುಸ್ತಕ. ಕೆಲವು ಪೋಷಕರು ಆನೆಯ ಹೆಸರು ಹೇಳಿದರು. ತೋಟದೊಳಗಿನ ಕಾಲುದಾರಿಯಲ್ಲಿ ಬೆಳಗ್ಗೆ ಮಂಜು ಕವಿದಿರುವಾಗ ಆನೆ ನಿಂತಿದ್ದರೆ ಹತ್ತಿರ ಹೋಗುವವರೆಗೂ ಗೊತ್ತಾಗುವುದಿಲ್ಲ. ಆ ಭಾಗದಲ್ಲಿ ಇದು ನೆಪವಲ್ಲ, ನಿಜವಾದ ಭಯ.

ಮೂರರಲ್ಲೂ ಸುಳ್ಳಿರಲಿಲ್ಲ, ಆದರೆ ಒಂದು ಸಂಗತಿಗೆ ಇವುಗಳಲ್ಲಿ ಯಾವುದೂ ಉತ್ತರವಾಗಿರಲಿಲ್ಲ. ಅದೇ ಮನೆಯ ತಮ್ಮ ಅದೇ ಜನವರಿಯಲ್ಲಿ, ಅದೇ ದಾರಿಯಲ್ಲಿ, ಪಕ್ಕದ ಮನೆಯ ಹುಡುಗರ ಜೊತೆ ನಡೆದು ದಿನವೂ ಶಾಲೆಗೆ ಬರುತ್ತಿದ್ದ. ಆನೆ ಬಂದ ದಿನ ಲೈನಿನ ಎಲ್ಲ ಮಕ್ಕಳೂ ಗೈರು. ಉಳಿದ ದಿನಗಳಲ್ಲಿ ಗೈರಾದವಳು ಇವಳೊಬ್ಬಳೇ. ನಿರಾಸಕ್ತ ಪೋಷಕರು ಒಬ್ಬ ಮಗನನ್ನು ಹಾಗೆ ತಪ್ಪದೆ ಕಳಿಸುವುದಿಲ್ಲ.

ಮೊದಲ ಎರಡು ಪ್ರಯತ್ನಗಳು

ಮೊದಲನೆಯದು ಎಲ್ಲರೂ ಮಾಡುವಂಥದ್ದು. ಮುಖ್ಯ ಶಿಕ್ಷಕಿ ಮತ್ತು ಸಿಆರ್‌ಪಿ (ಶಾಲಾ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಲೈನಿಗೆ ಹೋದರು. ಮಧ್ಯಾಹ್ನದ ಹೊತ್ತು, ಮನೆಗಳಿಗೆಲ್ಲ ಚಿಲಕ. ಹುಡುಗಿಯೊಬ್ಬಳು ಸೊಂಟದಲ್ಲಿ ಕೂಸನ್ನಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಸಂಜೆ ತಾಯಿ ಬಂದ ಮೇಲೆ ಮಾತಾಡಿದರು. “ಕಳಿಸ್ತೇನೆ ಟೀಚರೇ” ಎಂದರು ತಾಯಿ. ಕೆಲವು ದಿನ ಬಂದು ಮತ್ತೆ ನಿಂತಳು. ಆಮೇಲೆ ತಂದೆಯ ಹೆಸರಿಗೆ ನೋಟಿಸ್ ಹೋಯಿತು. ಓದಲು ಬಾರದ ತಂದೆ ಅದನ್ನು ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ಕೊಟ್ಟರು, ರೈಟರ್ ಮಾಲೀಕರಿಗೆ ತಿಳಿಸಿದರು, ಮಾಲೀಕರು “ನನ್ನ ತೋಟಕ್ಕೆ ಕೇಸು ತರ್ತೀರಾ” ಎಂದು ಆ ಕುಟುಂಬದ ಮೇಲೆಯೇ ರೇಗಿದರು. ಶಾಲೆ ಕಳಿಸಿದ ಕಾಗದ ಮನೆ ತಲುಪಬೇಕಾದರೆ ತೋಟದ ಆಫೀಸನ್ನು ಹಾದು ಹೋಗಬೇಕಿತ್ತು. ಹಾಗೆ ಹಾದುಹೋಗುವಾಗ ಅದರ ಅರ್ಥವೇ ಬದಲಾಯಿತು: ಮಗುವಿನ ಹಕ್ಕನ್ನು ನೆನಪಿಸುವ ಕಾಗದ ಕುಟುಂಬಕ್ಕೆ ಬೆದರಿಕೆಯಾಗಿ ತಲುಪಿತು.

ಎರಡನೆಯದು ವಸತಿ. ಬುಡಕಟ್ಟು ಮಕ್ಕಳ ಆಶ್ರಮ ಶಾಲೆಯಲ್ಲಿ ಜಾಗವಿತ್ತು. ತಂದೆ ಒಪ್ಪಿದರು, ಹುಡುಗಿಯನ್ನು ಸೇರಿಸಿದ್ದೂ ಆಯಿತು. ಒಂದು ಸಂತೆಯ ದಿನ ಮನೆಗೆ ಬಂದವಳು ಹಿಂತಿರುಗಲಿಲ್ಲ. “ನೋಡಿ, ನಾವು ಹೇಳಲಿಲ್ವಾ” ಎಂದರು ಶಾಲೆಯಲ್ಲಿ.

ಆದರೆ ಆ ಕೆಲವು ವಾರಗಳಲ್ಲಿ ಹಾಜರಿ ಪುಸ್ತಕದಲ್ಲಿ ಇನ್ನೊಂದು ಸಂಗತಿ ನಡೆದಿತ್ತು, ಮುಖ್ಯ ಶಿಕ್ಷಕಿ ಅದನ್ನು ಗಮನಿಸಿದ್ದರು. ಇವಳು ಆಶ್ರಮ ಶಾಲೆಗೆ ಹೋದ ಮೇಲೆ, ಅದೇ ಲೈನಿನ ಪಕ್ಕದ ಮನೆಯ, ಅಲ್ಲಿಯವರೆಗೆ ತಪ್ಪದೆ ಬರುತ್ತಿದ್ದ ಐದನೇ ತರಗತಿಯ ಹುಡುಗಿ ಬರುವುದನ್ನು ನಿಲ್ಲಿಸಿದಳು. ಇವಳು ವಾಪಸಾದ ಕೂಡಲೇ ಆಕೆ ಶಾಲೆಗೆ ಬಂದಳು. ಲೈನಿನಲ್ಲಿ ಒಂದು ಕೆಲಸವಿತ್ತು. ಒಬ್ಬಳು ಬಿಟ್ಟರೆ ಇನ್ನೊಬ್ಬಳು ಅದನ್ನು ಹೊರಬೇಕಿತ್ತು. ಈ ಪ್ರಕರಣದ ನಿಜವಾದ ತಿರುವು ಇದು. ಅಲ್ಲಿಯವರೆಗೆ ನಾವು ಕೇಳುತ್ತಿದ್ದದ್ದು ‘ಈ ಹುಡುಗಿ ಯಾಕೆ ಬರುವುದಿಲ್ಲ’ ಎಂದು. ಅಲ್ಲಿಂದ ಮುಂದೆ ಕೇಳಿದ್ದು ‘ಆ ಕೆಲಸ ಹುಟ್ಟುವುದು ಯಾವಾಗ’ ಎಂದು.

ಹಾಜರಿ ಪುಸ್ತಕ, ಚೆಕ್‌ರೋಲ್

ಮಳೆಗಾಲದಲ್ಲಿ ತೋಟದ ಕೆಲಸ ಸಡಿಲ. ರೈಟರ್ ಸಜ್ಜನರು, ಅವರ ಮಗಳೂ ಇದೇ ಶಾಲೆಯಲ್ಲಿ ಓದಿದವಳು. ಮಾಲೀಕರನ್ನು ಕೇಳಿ, ಕೂಲಿಯ ಮೊತ್ತಗಳನ್ನು ಮುಚ್ಚಿ, ಹಿಂದಿನ ಸೀಸನ್ನಿನ ಚೆಕ್‌ರೋಲ್ ತೋರಿಸಿದರು. ಮುಖ್ಯ ಶಿಕ್ಷಕಿ ಅದನ್ನು ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ದಿನಕ್ಕೆ ದಿನ ಗೆರೆ ಎಳೆದರು. ಆ ಹಾಳೆಯನ್ನು ತಂದು ನನ್ನ ಮುಂದೆ ಹರಡಿದಾಗ ನಾನು ಬಹಳ ಹೊತ್ತು ಸುಮ್ಮನಿದ್ದೆ, ಕಾರಣ ಅಷ್ಟು ನಿಚ್ಚಳವಾಗಿತ್ತು.

ಕುಯ್ಲು ಶುರುವಾದದ್ದು ನವೆಂಬರ್ ಕೊನೆಗೆ, ಅರೇಬಿಕಾದಿಂದ. ಅರೇಬಿಕಾದಲ್ಲಿ ಹಣ್ಣಾದದ್ದನ್ನಷ್ಟೇ ಆರಿಸಿ ಕುಯ್ಯಬೇಕು, ಕೆಜಿ ಲೆಕ್ಕ ಹಾಕಿದರೆ ಕಾಯಿಯೂ ಸೇರುತ್ತದೆ. ಹಾಗಾಗಿ ಅಲ್ಲಿ ದಿನಗೂಲಿ. ಆ ದಿನಗಳಲ್ಲೆಲ್ಲ ಹುಡುಗಿ ಶಾಲೆಯಲ್ಲಿದ್ದಳು. ಜನವರಿಯಲ್ಲಿ ರೋಬಸ್ಟಾ ಶುರುವಾಯಿತು, ಕೂಲಿ ಕೆಜಿ ಲೆಕ್ಕಕ್ಕೆ ತಿರುಗಿತು. ಆ ದಿನದಿಂದ ಹುಡುಗಿ ಗೈರು. ಮತ್ತು ಆ ದಿನದಿಂದಲೇ ಚೆಕ್‌ರೋಲಿನಲ್ಲಿ ಒಂದು ಹೊಸ ಹೆಸರು ಕಾಣಿಸಿಕೊಂಡಿತು: ಅಜ್ಜಿಯದು.

ದಿನಗೂಲಿಗೆ ಆ ವಯಸ್ಸಿನ ಹೆಂಗಸನ್ನು ಯಾರೂ ಕರೆಯುವುದಿಲ್ಲ. ಕೆಜಿ ಲೆಕ್ಕದಲ್ಲಾದರೆ ಎಷ್ಟು ನಿಧಾನವಾಗಿ ಕುಯ್ದರೂ ಕುಯ್ದಷ್ಟಕ್ಕೆ ದುಡ್ಡು. ನೆಲಕ್ಕೆ ಬಿದ್ದ ಉದುರು ಹೆಕ್ಕಿದರೂ ತೂಕಕ್ಕೆ ಬರುತ್ತದೆ. ಮುಂಗಡ ತೀರಿಸಬೇಕಾದ ಕುಟುಂಬ ಆ ಎರಡು ಕೈಗಳನ್ನು ಮನೆಯಲ್ಲಿ ಕೂರಿಸಿಕೊಳ್ಳಲಾರದು. ವರ್ಷದ ಒಂಬತ್ತು ತಿಂಗಳು ಕೂಸನ್ನು ನೋಡಿಕೊಳ್ಳುವವರು ಅಜ್ಜಿ. ಅಜ್ಜಿ ಹಣ್ಣಿಗೆ ಹೋದ ದಿನ ಆ ಜಾಗಕ್ಕೆ ಮೊಮ್ಮಗಳು ಬರುತ್ತಾಳೆ. ಮೊಮ್ಮಗ ಬರುವುದಿಲ್ಲ, ಅವನು ಶಾಲೆಗೆ ಹೋಗುತ್ತಾನೆ. ಅಜ್ಜಿ ಕುಯ್ದ ಹಣ್ಣು ಚೆಕ್‌ರೋಲಿನಲ್ಲಿ ದಾಖಲಾಯಿತು. ಅದಕ್ಕಾಗಿ ಹುಡುಗಿ ಮಾಡಿದ ಕೆಲಸ ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ.

ಬುಧವಾರಗಳದ್ದು ಇನ್ನೊಂದು ಕಥೆ. ವಿರಾಜಪೇಟೆಯಲ್ಲಿ ಸಂತೆ ಬುಧವಾರ. ಆ ಕಡೆಯ ತೋಟಗಳಲ್ಲಿ ಕೂಲಿಕಾರರ ವಾರದ ರಜೆಯೂ ಅಂದೇ, ಬಟವಾಡೆ ಅದರ ಹಿಂದಿನ ಸಂಜೆ. ಶಾಲೆಯ ರಜೆ ಭಾನುವಾರ. ಹೀಗೆ ತಾಯಿ ಮತ್ತು ಮಗಳಿಗೆ ಒಟ್ಟಿಗೆ ಸಿಗುವ ರಜೆಯೇ ಇರಲಿಲ್ಲ. ತಾಯಿಯ ಜೊತೆ ಇರಬೇಕೆಂದರೆ ಮಗಳು ಶಾಲೆ ತಪ್ಪಿಸಬೇಕು. ಶನಿವಾರ ಇಡುತ್ತಿದ್ದ ಪೋಷಕರ ಸಭೆಗೆ ಲೈನಿನವರು ಯಾರೂ ಬರುವುದಿಲ್ಲ ಎಂಬ ದೂರಿನ ಮೂಲವೂ ಇಲ್ಲೇ ಇತ್ತು.

ಮೂರು ದೃಷ್ಟಿಗಳಿಂದ ನೋಡಿದಾಗ

ಸಮಾಜಶಾಸ್ತ್ರಜ್ಞರಾದ ಡರ್ಖೈಮ್ ಮತ್ತು ಪಾರ್ಸನ್ಸ್ ಪರಂಪರೆಯ ಕಾರ್ಯಾತ್ಮಕ ದೃಷ್ಟಿ ಶಾಲೆಯನ್ನು ಕುಟುಂಬದಿಂದ ಸಮಾಜಕ್ಕೆ ಹಾಕಿದ ಸೇತುವೆ ಎನ್ನುತ್ತದೆ. ಮನೆಯಲ್ಲಿ ಮಗು ‘ನಮ್ಮ ಮಗು’, ಶಾಲೆಯಲ್ಲಿ ಎಲ್ಲರಿಗೂ ಒಂದೇ ಅಳತೆ. ಈ ವಿವರಣೆಯೊಳಗೆ ಹೇಳದೆ ಬಿಟ್ಟ ಒಂದು ಷರತ್ತಿದೆ: ಹಗಲಿನಲ್ಲಿ ಮನೆ ನೋಡಿಕೊಳ್ಳುವ ವಯಸ್ಕರೊಬ್ಬರು ಇದ್ದೇ ಇರುತ್ತಾರೆ. ಗಂಡ ದುಡಿದು ಹೆಂಡತಿ ಮನೆ ನೋಡಿಕೊಳ್ಳುವ ಕುಟುಂಬವನ್ನು ಕಣ್ಣೆದುರು ಇಟ್ಟುಕೊಂಡು ಕಟ್ಟಿದ ಸಿದ್ಧಾಂತ ಅದು. ಲೈನ್ ಮನೆಯಲ್ಲಿ ಅಂಥ ಕುಟುಂಬ ಎಂದೂ ಇರಲಿಲ್ಲ. ಹಾಗಿದ್ದರೂ ಈ ದೃಷ್ಟಿಯಿಂದ ನಮಗೆ ಉಪಕಾರವಾಯಿತು. ಕುಟುಂಬದ ಯಾವ ಕೆಲಸವನ್ನು ಯಾರು ಹೊತ್ತಿದ್ದಾರೆ, ಒಬ್ಬರು ಸರಿದಾಗ ಅದು ಯಾರ ಹೆಗಲಿಗೆ ಹೋಗುತ್ತದೆ ಎಂದು ಕೇಳುವುದನ್ನು ಕಲಿಸಿದ್ದು ಅದೇ.

ಸಂಘರ್ಷ ದೃಷ್ಟಿ ಕೇಳಿದ್ದು ಬೇರೆಯದನ್ನು. ಕೆಜಿ ಲೆಕ್ಕ ಯಾರಿಗೆ ಲಾಭ? ಮನೆ ಯಾರದು? ಸಾಲದ ಪುಸ್ತಕ ಯಾರ ಬಳಿ ಇದೆ? ಕೆಜಿ ಲೆಕ್ಕದಲ್ಲಿ ಇಡೀ ಕುಟುಂಬದ ದುಡಿಮೆ ತೋಟಕ್ಕೆ ಸಿಗುತ್ತದೆ, ತೂಕಕ್ಕೆ ಬಂದದ್ದಕ್ಕಷ್ಟೇ ಕೂಲಿ. ಕೂಸು ನೋಡಿಕೊಳ್ಳುವ ಖರ್ಚನ್ನು ಕುಟುಂಬ ಹೊರುತ್ತದೆ, ಕುಟುಂಬದೊಳಗೆ ಅದನ್ನು ಹುಡುಗಿ ಹೊರುತ್ತಾಳೆ. ಮಾಲೀಕರು ಮಗುವಿನಿಂದ ಕೆಲಸ ಮಾಡಿಸಿಲ್ಲ ಎಂದದ್ದು ಅಕ್ಷರಶಃ ನಿಜ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದು 14 ವರ್ಷದೊಳಗಿನವರ ದುಡಿಮೆಗೆ ಎಲ್ಲ ಕಡೆ ನಿಷೇಧ ಬಂತು, ಕುಟುಂಬದ ಕೆಲಸಕ್ಕೆ ಶಾಲೆಯ ಹೊತ್ತಿನ ಹೊರಗೆ ನೆರವಾಗುವುದಕ್ಕೆ ವಿನಾಯಿತಿ ಉಳಿಯಿತು. ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಮನೆಯಲ್ಲಿರುವ ಹುಡುಗಿಯನ್ನು ಕಾರ್ಮಿಕ ಎಂದು ಕರೆಯಲು ತಪಾಸಣೆಗೆ ಬಂದ ಅಧಿಕಾರಿಗೂ ಕಷ್ಟ.

ಮೂರನೆಯದು ಒಡನಾಟದ ದೃಷ್ಟಿ. ಶಾಲೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ “ಲೈನ್ ಮಕ್ಕಳು ಎದ್ದು ನಿಲ್ಲಿ” ಎನ್ನುವ ರೂಢಿ ಇತ್ತು. ಕುಯ್ಲು ಮುಗಿಸಿ ಬಂದವರಿಗೆ ‘ಸೀಸನ್ ಮಕ್ಕಳು’ ಎಂದು ಹೆಸರು, ಕೂರುವುದು ಹಿಂದಿನ ಸಾಲಿನಲ್ಲಿ. ಹೀಗೆ ಹಚ್ಚಿದ ಹಣೆಪಟ್ಟಿ ನಡವಳಿಕೆಯನ್ನೇ ರೂಪಿಸುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್ 1960ರ ದಶಕದಲ್ಲಿ ವಾದಿಸಿದ್ದರು. ಆ ಹುಡುಗಿಯ ಮಾತು ಅದನ್ನು ಇನ್ನೂ ಸರಳವಾಗಿ ಹೇಳಿತು: “ನಾನು ಹೋಗುವಾಗ ಪಾಠ ಮುಂದೆ ಹೋಗಿರ್ತದೆ. ಎಲ್ಲ ತಿರುಗಿ ನೋಡ್ತಾರೆ. ಅದಕ್ಕೆ ಹೋಗೋದಿಲ್ಲ.” ಕೂಸು ನಿದ್ದೆ ಹೋದ ದಿನ, ಪಕ್ಕದ ಮನೆಯವರು ಇದ್ದ ದಿನ ಬರಬಹುದಾಗಿದ್ದವಳನ್ನು ಈ ತಿರುಗಿ ನೋಡುವ ಕಣ್ಣುಗಳು ತಡೆದಿದ್ದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಭಾರತದ ಸಮಾಜಶಾಸ್ತ್ರದಲ್ಲಿ ಕೊಡಗಿನ ಹೆಸರು ದೊಡ್ಡದು. ಎಂ. ಎನ್. ಶ್ರೀನಿವಾಸ್ ಅವರ 1952ರ ಅಧ್ಯಯನದಿಂದ ಒಕ್ಕ (ಕೊಡವರ ಮನೆತನ), ಐನ್‌ಮನೆ (ಮನೆತನದ ಮೂಲ ಮನೆ), ಕಾರಣರ (ಪೂರ್ವಜರ) ಪೂಜೆ, ಮಂದ್ (ಊರವರು ಸೇರುವ ಬಯಲು) ಎಲ್ಲವೂ ಜಗತ್ತಿನ ವಿದ್ಯಾರ್ಥಿಗಳಿಗೆ ಪರಿಚಯವಾದವು. ಆಚರಣೆಯು ಒಂದು ಸಮುದಾಯವನ್ನು ಹೇಗೆ ಹಿಡಿದಿಡುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ಅಪರೂಪ. ಆದರೆ ಅದು ಒಕ್ಕದ ಅಂಗಳದಿಂದ ಕಂಡ ಕೊಡಗು. ಲೈನ್ ಮನೆಯ ಬಾಗಿಲಿನಿಂದ ಕಾಣುವ ಕೊಡಗನ್ನು ಇನ್ನೂ ಸಾಕಷ್ಟು ಬರೆದಿಲ್ಲ. ಮೇ ಕೊನೆಯ ಹೊತ್ತಿಗೆ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಆದಿವಾಸಿಗಳು ದೇವರನ್ನೂ ಧಣಿಗಳನ್ನೂ ಹಾಡಿ ಬಯ್ಯುತ್ತಾರೆ, ಯಾರೂ ಬೇಸರಿಸುವಂತಿಲ್ಲ. ಆ ಒಂದು ದಿನದ ಮಾತಿನಲ್ಲಿ ಏನಿದೆ ಎಂದು ಕೇಳಿಸಿಕೊಂಡರೂ ಸಾಕು, ಈ ಹುಡುಗಿಯ ಮನೆ ಅರ್ಥವಾಗತೊಡಗುತ್ತದೆ.

ದೂರೋ, ಮಾತುಕತೆಯೋ

ಕಾರಣ ಗೊತ್ತಾದ ಮೇಲೆ ಎರಡು ದಾರಿಗಳಿದ್ದವು. ಮಕ್ಕಳ ಸಹಾಯವಾಣಿಗೆ, ಕಾರ್ಮಿಕ ಇಲಾಖೆಗೆ ದೂರು ಕೊಡುವುದು ಒಂದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಕೆಲವರು ಅದನ್ನೇ ಬಯಸಿದರು, ಅವರ ಸಿಟ್ಟು ನ್ಯಾಯವಾಗಿಯೇ ಇತ್ತು. ಆದರೆ ನೋಟಿಸಿನ ಅನುಭವ ಕಣ್ಣೆದುರಿತ್ತು. ದೂರಿನ ಪೆಟ್ಟು ಮೊದಲು ಬೀಳುವುದು ಲೈನ್ ಮನೆಯ ಬಾಗಿಲಿಗೆ. ಮೇಲಾಗಿ ಸಾಬೀತು ಮಾಡಬಹುದಾದ ಉಲ್ಲಂಘನೆಯೇ ಇರಲಿಲ್ಲ. ಮುಖ್ಯ ಶಿಕ್ಷಕಿ ಮಾತುಕತೆಯನ್ನು ಆರಿಸಿಕೊಂಡರು, ಎರಡು ಷರತ್ತು ಇಟ್ಟುಕೊಂಡರು. ಆಡಿದ್ದೆಲ್ಲ ಎಸ್‌ಡಿಎಂಸಿ ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು. ತಾಯಂದಿರು ಇಲ್ಲದೆ ಮಾತುಕತೆ ಆಗಬಾರದು. ಎರಡನೆಯ ಷರತ್ತು ದಯೆಯನ್ನು ಒಪ್ಪಂದವಾಗಿಸಿತು ಎಂದು ನನ್ನ ನಂಬಿಕೆ.

ಸುತ್ತಲಿನ ಮೂರು ಸಣ್ಣ ತೋಟಗಳು ಒಂದೇ ಒಕ್ಕದವರವು. ಸುಗ್ಗಿಹಬ್ಬವಾದ ಪುತ್ತರಿ ಕಳೆದು ಕೆಲವು ದಿನಕ್ಕೆ ಅವರು ಐನ್‌ಮನೆಯಲ್ಲಿ ಸೇರುವುದಿತ್ತು, ಅಲ್ಲಿಯೇ ಮಾತಾಡೋಣ ಎಂದು ಹಿರಿಯರೊಬ್ಬರು ಸೂಚಿಸಿದರು. ತಾಯಂದಿರು ಅಂಗಳದಲ್ಲೇ ನಿಂತರು. ಮುಖ್ಯ ಶಿಕ್ಷಕಿ ತಾವೂ ಮೇಲೆ ಹೋಗದೆ ಅವರ ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತಿಗೆ ಒಕ್ಕದ ಹಿರಿಯ ಹೆಂಗಸೊಬ್ಬರು ಎಲ್ಲರನ್ನೂ ಜಗಲಿಗೆ ಕರೆದು ಚಾಪೆ ಹಾಸಿಸಿದರು.

ಬೇಡಿಕೆ ಸಣ್ಣದು. ಕುಯ್ಲು ಮುಗಿಯುವವರೆಗೆ ಇಬ್ಬರು ಅಜ್ಜಿಯರಿಗೆ ಹೆಣ್ಣಾಳಿನ ದಿನಗೂಲಿ ಕೊಟ್ಟು, ಮೂರು ತೋಟಗಳ ಕೂಸುಗಳನ್ನು ಕಣದ ಪಕ್ಕದ ಕೋಣೆಯಲ್ಲಿ ಅವರು ನೋಡಿಕೊಳ್ಳುವುದು, ಖರ್ಚನ್ನು ಮೂರೂ ಮನೆಯವರು ಹಂಚಿಕೊಳ್ಳುವುದು. “ಇವತ್ತು ಅಜ್ಜಿಗೆ ಕೂಲಿ, ನಾಳೆ ಇನ್ನೇನು ಕೇಳ್ತೀರಿ?” ಎಂದರು ಒಬ್ಬರು. ಆಗ ಹುಡುಗಿಯ ತಾಯಿ ಮಾತಾಡಿದರು. “ಹಾಲು ಕೊಡೋಕೆ ನಾನು ದಿನಕ್ಕೆ ಎರಡು ಸಲ ಲೈನಿಗೆ ಹೋಗಿ ಬರ್ತೇನೆ ಸಾವ್ಕಾರ್ರೇ. ಕೂಸು ಕಣದ ಹತ್ರ ಇದ್ರೆ ಅಷ್ಟು ಹೊತ್ತೂ ಕುಯ್ಯಬಹುದಲ್ಲ.” ರೈಟರ್ ಅಲ್ಲೇ ಲೆಕ್ಕ ಹಾಕಿ, ತಾಯಂದಿರು ಹೆಚ್ಚು ಕುಯ್ಯುವ ಹಣ್ಣಿನ ಮುಂದೆ ಅಜ್ಜಿಯರ ಕೂಲಿ ಭಾರವಲ್ಲ ಎಂದರು. ಆಳು ಸಿಗದೆ ಹಣ್ಣು ಗಿಡದಲ್ಲೇ ಒಣಗಿ ಉದುರುವ ಆತಂಕ ಎಲ್ಲ ಮಾಲೀಕರಿಗೂ ಇತ್ತು. ಕೆಜಿಗೆ ಒಂದು ರೂಪಾಯಿ ಹೆಚ್ಚು ಕೊಡುವ ತೋಟಕ್ಕೆ ಜನ ಹೊರಟುಬಿಡುವ ಕಾಲ. ಒಪ್ಪಿದರು. ಮಕ್ಕಳ ಓದಿನ ಮೇಲಿನ ಕಾಳಜಿಯೂ ಅವರಲ್ಲಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಪ್ಪಿಗೆ ಬಂದದ್ದು ಲೆಕ್ಕ ಮುಂದಿಟ್ಟ ಮೇಲೆ.

ಶಾಲೆಯೂ ತನ್ನ ಕಡೆಯಿಂದ ಬದಲಾಯಿತು. ಪೋಷಕರ ಸಭೆ ಬುಧವಾರ ಬೆಳಗ್ಗೆಗೆ ಬಂತು, ಸಂತೆಗೆ ಹೊರಡುವ ಮೊದಲು. ಬುಧವಾರ ಹೊಸ ಪಾಠ ಆರಂಭಿಸುವುದು ಬೇಡ ಎಂದು ಶಿಕ್ಷಕರು ತೀರ್ಮಾನಿಸಿದರು. ‘ಲೈನ್ ಮಕ್ಕಳು’ ಎನ್ನುವುದು ನಿಂತು, ಹೆಸರು ಹಿಡಿದು ಕರೆಯುವುದು ಶುರುವಾಯಿತು. ಬಿಟ್ಟುಹೋದ ಪಾಠವನ್ನು ಪಕ್ಕದಲ್ಲಿ ಕೂತು ಹೇಳಿಕೊಡಲು ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ.

ಆದದ್ದು

ಆ ಜನವರಿಯಲ್ಲಿ, ಬುಧವಾರಗಳನ್ನು ಬಿಟ್ಟು, ಹುಡುಗಿ ಹೆಚ್ಚುಕಡಿಮೆ ದಿನವೂ ಬಂದಳು. ಪಕ್ಕದ ಮನೆಯವಳೂ ಬಂದಳು. ಮೊದಲ ಬಾರಿಗೆ ಒಬ್ಬಳ ಹಾಜರಿ ಇನ್ನೊಬ್ಬಳ ಗೈರಾಗಲಿಲ್ಲ.

ಫೆಬ್ರುವರಿಯಲ್ಲಿ ತಂದೆಗೆ ಕಾಯಿಲೆ, ಆಸ್ಪತ್ರೆ, ಸಾಲ. ತೋಟಗಳಿಗೆ ಆಳು ಕರೆತರುವ ಬೇರೆ ಹೋಬಳಿಯ ಮೇಸ್ತ್ರಿಯೊಬ್ಬರು ಹೆಚ್ಚಿನ ಮುಂಗಡ ಕೊಟ್ಟು ಹಳೆಯ ಸಾಲ ತೀರಿಸಿದರು. ಕುಟುಂಬ ಪಾತ್ರೆ ಪಡಗ ಸಮೇತ ಜೀಪಿನಲ್ಲಿ ಹೊರಟಿತು. ಅಜ್ಜಿಯೂ ಹೋದರು. ಹೊಸ ಊರಿನ ಶಾಲೆಯಲ್ಲಿ ವರ್ಗಾವಣೆ ಪತ್ರ ಕೇಳಿದರು. ಪತ್ರ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ವಿಧಿ ಹೇಳುತ್ತದೆ. ಅದು ಲೈನ್ ಮನೆಯ ತಾಯಿಗೆ ಗೊತ್ತಿರುವುದು ಹೇಗೆ? ಮುಖ್ಯ ಶಿಕ್ಷಕಿ ಫೋನ್ ಮಾಡಿ ಮಾತಾಡಿ, ಮಕ್ಕಳ ದಾಖಲಾತಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಹೆಸರು ವರ್ಗಾಯಿಸುವ ಹೊತ್ತಿಗೆ ಕುಯ್ಲೇ ಮುಗಿದಿತ್ತು. ಒಪ್ಪಂದ ಆಗಿದ್ದು ಮೂರು ತೋಟಗಳ ನಡುವೆ. ಹುಡುಗಿ ಆ ತೋಟಗಳ ಗಡಿ ದಾಟಿದ ದಿನ ಅದು ಅವಳ ಪಾಲಿಗೆ ಮುಗಿದುಹೋಯಿತು.

ಅವಳು ಈಗ ಎಂಟನೇ ತರಗತಿ ಮುಗಿಸಿದ್ದಾಳೆ. ಅದಕ್ಕೆ ಕಾರಣ ನಾವು ಮಾಡಿದ್ದಲ್ಲ. ಹೊಸ ಲೈನಿನ ಹತ್ತಿರ ಒಂದು ಅಂಗನವಾಡಿ ಇತ್ತು, ಕೂಸಿಗೆ ಮೂರು ವರ್ಷ ತುಂಬಿತು. ಮೂರರಿಂದ ಆರು ವರ್ಷದವರೆಗಿನ ಮಕ್ಕಳು ಅಂಗನವಾಡಿಯಲ್ಲಿ ಹಗಲು ಕಳೆಯಬಹುದು. ಅದಕ್ಕಿಂತ ಚಿಕ್ಕವರಿಗೆ ಅಲ್ಲಿಂದ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಆ ಮಗುವನ್ನು ಎತ್ತಿಕೊಳ್ಳುವ ಕೈ ಬರುವುದಿಲ್ಲ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಶಿಶುಗಳಿಗಾಗಿ ರಾಜ್ಯ ಸರ್ಕಾರ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯತೊಡಗಿತು. ಯೋಚನೆ ಸರಿಯಾದದ್ದೇ. ಆದರೆ ತೋಟದೊಳಗಿನ ತಾಯಿ ನರೇಗಾ ಪಟ್ಟಿಯಲ್ಲಿಲ್ಲ, ಪಂಚಾಯಿತಿ ಕಟ್ಟಡ ಅವಳಿಗೆ ಹತ್ತಿರವೂ ಅಲ್ಲ. ಹುಟ್ಟಿನಿಂದ ಮೂರು ವರ್ಷದವರೆಗಿನ ಈ ಖಾಲಿ ಜಾಗವನ್ನು ಅಕ್ಕಂದಿರು ತಮ್ಮ ಐದನೇ, ಆರನೇ, ಏಳನೇ ತರಗತಿಗಳಿಂದ ತುಂಬುತ್ತಿದ್ದಾರೆ.

ಇಂಥ ಪ್ರಕರಣ ಕೈಗೆತ್ತಿಕೊಳ್ಳುವ ಶಿಕ್ಷಕರಿಗೆ ಹೇಳಬೇಕಾದ್ದು ಇದೆ. ಒಂದು ಮಗುವಿನ ಹಾಜರಿಯನ್ನು ಮಾತ್ರ ನೋಡಬೇಡಿ. ಅದೇ ಲೈನಿನ ಉಳಿದ ಹುಡುಗಿಯರ, ಅದೇ ಮನೆಯ ಹುಡುಗರ ಹಾಜರಿಯ ಪಕ್ಕದಲ್ಲಿಟ್ಟು ನೋಡಿ. ಕೂಲಿ ಯಾವ ದಿನ ಯಾವ ಲೆಕ್ಕಕ್ಕೆ ತಿರುಗಿತು ಎಂದು ಕೇಳಿ. ನಮ್ಮ ಪ್ರಕರಣದಲ್ಲಿ ಸರಿಯಾದ ಉತ್ತರ ಸಿಕ್ಕಿದ್ದು ಆ ದಿನಾಂಕದಿಂದ. ಮತ್ತು ಕುಟುಂಬ ಹೊರಟುಹೋಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕಿಟ್ಟುಕೊಳ್ಳಿ. ನವೆಂಬರಿನಲ್ಲೇ ದಾಖಲೆಗಳ ಒಂದು ಪ್ರತಿ ತಾಯಿಯ ಕೈಯಲ್ಲಿದ್ದಿದ್ದರೆ ಆ ಕೆಲವು ವಾರಗಳು ಉಳಿಯುತ್ತಿದ್ದವು. ಈಗ ಆ ಶಾಲೆಯಲ್ಲಿ ಹಾಗೆಯೇ ಮಾಡುತ್ತಾರೆ.

ಇನ್ನು ಆ ಮೂರು ತೋಟಗಳ ಸಂಗತಿ. 2024ರಲ್ಲಿ ರೋಬಸ್ಟಾ ಚೆರಿಯ (ಸಿಪ್ಪೆಸಹಿತ ಒಣಗಿಸಿದ ಕಾಫಿ) 50 ಕೆಜಿ ಚೀಲದ ಬೆಲೆ 10,000 ರೂಪಾಯಿ ದಾಟಿತು. ಮುಂದಿನ ಸೀಸನ್ನಿಗೆ ಮಾಲೀಕರು ಕುಯ್ಲನ್ನು ಗುತ್ತಿಗೆಗೆ ಕೊಟ್ಟರು. ಗುತ್ತಿಗೆದಾರ ಅಸ್ಸಾಂ ಕಡೆಯ ಕುಟುಂಬಗಳನ್ನು ಕರೆತಂದರು. ಕಣದ ಪಕ್ಕದ ಕೋಣೆಗೆ ಮೆಣಸಿನ ಚೀಲಗಳು ಬಂದವು. ಲೈನಿನ ಮುಂದೆ ಸುಮಾರು ಒಂಬತ್ತು ವರ್ಷದ ಹುಡುಗಿಯೊಬ್ಬಳು ಎರಡು ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳ ಹೆಸರು ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಮುಖ್ಯ ಶಿಕ್ಷಕಿ ಹೋಗಿ ಕೇಳಿದಾಗ ಮಾಲೀಕರು ಗುತ್ತಿಗೆದಾರನನ್ನು ತೋರಿಸಿದರು, ಗುತ್ತಿಗೆದಾರ ಮಾಲೀಕರನ್ನು ತೋರಿಸಿದರು. ಆ ಗುಂಪಿನಲ್ಲಿ ಹಿಂದಿ ಬಲ್ಲ ಹುಡುಗನೊಬ್ಬನ ಮೂಲಕ ಪೋಷಕರ ಜೊತೆ ಮಾತಾಡಿ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸುವ, ಶಿಕ್ಷಣ ಹಕ್ಕು ಕಾಯ್ದೆಯ 4ನೇ ವಿಧಿಯಡಿ ಶಾಲೆಗೆ ಬರಬಹುದಾದ ಮಕ್ಕಳನ್ನು ದಾಖಲಿಸಿಕೊಂಡರು. ಆ ಹುಡುಗಿ ಬಂದದ್ದು ಕೆಲವೇ ದಿನ.

ಎಸ್‌ಡಿಎಂಸಿ ಈಗ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟಿದೆ. ಕುಯ್ಲಿನ ತಿಂಗಳುಗಳಲ್ಲಿ ಕೂಸಿನ ಮನೆಯ ಒಂದು ಶಾಖೆಯನ್ನು ತೋಟಗಳ ನಡುವೆಯೇ ತೆರೆಯಬೇಕು, ತಾಯಿ ಯಾವ ಪಟ್ಟಿಯಲ್ಲಿದ್ದಾಳೆ, ಯಾವ ರಾಜ್ಯದವಳು ಎಂದು ಕೇಳಬಾರದು, ನೋಡಿಕೊಳ್ಳಲು ಲೈನಿನ ಹಿರಿಯ ಹೆಂಗಸರನ್ನೇ ದಿನಗೂಲಿಗೆ ನೇಮಿಸಬೇಕು ಎಂಬುದು ಕೋರಿಕೆ. ಹಿಂದಿನ ವರ್ಷ ಕೂಸುಗಳನ್ನು ನೋಡಿಕೊಂಡಿದ್ದ ಇನ್ನೊಬ್ಬ ಅಜ್ಜಿ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದಾರೆ. ಹಾಜರಿ ಪುಸ್ತಕ ಮತ್ತು ಚೆಕ್‌ರೋಲನ್ನು ಹೋಲಿಸಿ ಗೆರೆ ಎಳೆದ ಹಾಳೆಯನ್ನೂ ಅದರ ಜೊತೆ ಲಗತ್ತಿಸಲಾಗಿದೆ. ಮುಂದಿನ ಗ್ರಾಮಸಭೆಯಲ್ಲಿ ಅದು ಚರ್ಚೆಗೆ ಬರಬೇಕು.